ವೆಬ್ ಮಾನಕಗಳ ನಿರ್ಣಯ: ಮುಕ್ತತೆ ಮತ್ತು ಮಾನ್ಯತೆಯ ವಿವಾದಗಳು

೧. ಪೀಠಿಕೆ

ಅಳತೆಯನ್ನು ಗೊತ್ತುಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಬಹಳ ಹಳೆಯದು. ಭೂಮಿಯನ್ನಳೆಯುವ ಕೋಲು ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದನ್ನು ನಮ್ಮ ಶಾಸನಗಳಲ್ಲಿ ಓದಿದವರಿಗೆ ಕೋಲಿನ ಉದ್ದವು ಬರಿಯ ಲೆಕ್ಕಾಚಾರದ ವಿಷಯವಲ್ಲವೆಂಬುದು ತಿಳಿದೇ ಇದೆ. ಕೋಲು ಕುಗ್ಗಿದರೆ ಅದೇ ಹೊಲದ ಅಳತೆ ಹಿಗ್ಗುತ್ತದೆ. ಅಳತೆ ಹಿಗ್ಗಿದರೆ ತೆರಿಗೆ ಏರುತ್ತದೆ. ಆದುದರಿಂದಲೇ ಮಾನವನ್ನು ನಿಶ್ಚಯಿಸುವ ಕಾರ್ಯವು ಬಹುಮಟ್ಟಿಗೆ ಆಳುವವರ ಹಕ್ಕೆಂದು ಪರಿಗಣಿತವಾಗಿ ಬಂದಿದೆ.

ವೆಬ್ ಎಂದು ಪ್ರಸಿದ್ಧವಾಗಿರುವ ವಿಶ್ವವ್ಯಾಪಿ ಜಾಲದ ಮಾನಕಗಳು ಈ ಸಾಮಾನ್ಯ ನಿಯಮಕ್ಕೆ ಒಂದು ಅಪವಾದ. ಪುಟಗಳನ್ನು ಯಾವ ಸಂಕೇತಗಳಲ್ಲಿ ಬರೆಯಬೇಕು, ಅವನ್ನು ಓದಿ ತೋರಿಸುವ ಬ್ರೌಸರ್ ಎಂಬ ತಂತ್ರಾಂಶವು ಆ ಸಂಕೇತಗಳನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ಯಾವ ಅರಸನೂ ಆಜ್ಞಾಪಿಸಿಲ್ಲ. ಯಾವ ಶಾಸನಸಭೆಯೂ ವಿಧಿಸಿಲ್ಲ. ಸ್ವೇಚ್ಛೆಯಿಂದ ಕೂಡಿದ ಕೆಲವು ಮಂಡಲಿಗಳು ಅವನ್ನು ರಚಿಸಿ ಪ್ರಕಟಿಸುತ್ತವೆ. ಬ್ರೌಸರುಗಳನ್ನು ತಯಾರಿಸುವವರು ಅವನ್ನು ಅನುಸರಿಸಿದರೆ ಉಂಟು, ಅನುಸರಿಸದಿದ್ದರೆ ದಂಡವಿಲ್ಲ. ಆದರೂ ಕೋಟ್ಯಂತರ ಜನರು ದಿನವೂ ಬಳಸುವ ಒಂದು ಸಾಧನದ ಸ್ವರೂಪ ಈ ಮಂಡಲಿಗಳ ಮಾತಿನ ಮೇಲೆ ನಿಂತಿದೆ. ಹೀಗಿರಲಾಗಿ, ಇವರಿಗೆ ಈ ಅಧಿಕಾರ ಬಂದುದು ಎಲ್ಲಿಂದ, ಅದು ಸಲ್ಲುವ ಅಧಿಕಾರವೆಂದು ಇತರರು ಒಪ್ಪುವುದೇಕೆ ಎಂಬ ಪ್ರಶ್ನೆಗಳು ಸಹಜವಾಗಿಯೇ ಏಳುತ್ತವೆ.

ಈ ಪ್ರಶ್ನೆಗೆ ಮಂಡಲಿಗಳು ಸಾಮಾನ್ಯವಾಗಿ ಕೊಡುವ ಉತ್ತರ 'ಮುಕ್ತತೆ' ಎಂಬ ಒಂದೇ ಮಾತು. ತಮ್ಮ ಬಾಗಿಲು ತೆರೆದಿದೆ, ಆದುದರಿಂದ ತಮ್ಮ ನಿರ್ಣಯ ಮಾನ್ಯ ಎಂಬುದು ಅವುಗಳ ವಾದ. ಆದರೆ ಈ ಮಾತಿಗೆ ಎಲ್ಲ ಕಾಲದಲ್ಲಿಯೂ ಒಂದೇ ಅರ್ಥವಿರಲಿಲ್ಲ. ಪ್ರಕೃತ ಲೇಖನದಲ್ಲಿ ನಾವು ೧೯೯೨ರಿಂದ ೨೦೧೭ರವರೆಗಿನ ನಾಲ್ಕು ವಿವಾದಗಳನ್ನು ಅನುಕ್ರಮವಾಗಿ ಪರಿಶೀಲಿಸಿ, ಒಂದೊಂದು ವಿವಾದದಲ್ಲಿಯೂ ಮುಕ್ತತೆಯ ಯಾವ ಅರ್ಥ ಮುಂದೆ ಬಂದಿತು, ಯಾವುದು ಹಿಂದುಳಿಯಿತು ಎಂಬುದನ್ನು ತೋರಿಸಲು ಯತ್ನಿಸುತ್ತೇವೆ.

೨. ಅಂತರಜಾಲದ ಸಂಪ್ರದಾಯ ಮತ್ತು ೧೯೯೨ರ ಕ್ಷೋಭೆ

ವೆಬ್ಬಿಗಿಂತ ಅಂತರಜಾಲ ಹಿರಿಯದು. ವೆಬ್ಬಿನ ಮಾನಕಕಾರರು ತಮ್ಮ ಪದ್ಧತಿಗಳನ್ನು ಅಲ್ಲಿಂದಲೇ ಎರವಲು ಪಡೆದರು. ೧೯೬೯ರ ಏಪ್ರಿಲ್ ೭ರಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಯ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಒಂದು ಟಿಪ್ಪಣಿಯನ್ನು ಹಂಚಿದನು. ಆ ಮಾಲೆಗೆ 'ಅಭಿಪ್ರಾಯಗಳಿಗಾಗಿ ಕೋರಿಕೆ' ಎಂಬ ವಿನಯದ ಹೆಸರನ್ನಿಡಲಾಯಿತು. ಇದು ಆಜ್ಞೆಯಲ್ಲ, ಪ್ರಸ್ತಾವ. ತಿದ್ದುವವರು ತಿದ್ದಬಹುದು ಎಂಬ ಭಾವ ಆ ಹೆಸರಿನಲ್ಲಿಯೇ ಅಡಗಿದೆ. ಅಂತರಜಾಲದ ಮಾನಕಗಳು ಇಂದಿಗೂ ಆ ಹೆಸರಿನಲ್ಲಿಯೇ ಪ್ರಕಟವಾಗುತ್ತಿವೆ.

೧೯೮೬ರ ಜನವರಿಯಲ್ಲಿ ಸ್ಯಾನ್ ಡಿಯೇಗೋ ನಗರದಲ್ಲಿ ೨೧ ಜನರು ಸೇರಿ ನಡೆಸಿದ ಸಭೆಯಿಂದ ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ಸಂಸ್ಥೆ ಆರಂಭವಾಯಿತು. ಇದಕ್ಕೆ ಸದಸ್ಯತ್ವವೆಂಬುದೇ ಇಲ್ಲ. ಬಂದವನು ಭಾಗಿ; ಅವನು ತನ್ನ ಸಂಸ್ಥೆಯ ಪ್ರತಿನಿಧಿಯಾಗಿ ಅಲ್ಲದೆ ತನ್ನ ಹೆಸರಿನಲ್ಲಿಯೇ ಮಾತನಾಡತಕ್ಕವನು. ಇಲ್ಲಿ ಮತ ಎಣಿಸುವ ವಾಡಿಕೆಯೂ ಇಲ್ಲ. ಸಭೆಯ ಒಲವನ್ನು ತಿಳಿಯಬೇಕಾದಾಗ ಅಧ್ಯಕ್ಷನು ಹೂಂಕರಿಸಲು ಹೇಳುವುದುಂಟು. ಯಾವ ಕಡೆಯ ಹೂಂಕಾರ ಬಲವಾಗಿದೆಯೆಂಬುದರಿಂದ 'ಸ್ಥೂಲ ಒಮ್ಮತ'ವನ್ನು ಅಳೆಯುತ್ತಾರೆ. ಯಾರು ಯಾವ ಪಕ್ಷವೆಂದು ಲೆಕ್ಕ ಬರೆಯದೆ, ಆಕ್ಷೇಪದ ತೂಕವನ್ನು ಮಾತ್ರ ಗಮನಿಸುವುದು ಇದರ ಉದ್ದೇಶ.

ಈ ಸಂಪ್ರದಾಯಕ್ಕೆ ದೊಡ್ಡ ಪರೀಕ್ಷೆ ೧೯೯೨ರಲ್ಲಿ ಒದಗಿತು. ಗಣಕಗಳಿಗೆ ಕೊಡುವ ವಿಳಾಸಸಂಖ್ಯೆಗಳು ತೀರಿಹೋಗುವ ಸೂಚನೆಗಳು ಆಗಲೇ ಕಾಣಿಸಿಕೊಂಡಿದ್ದುವು. ಮೇಲ್ವಿಚಾರಣೆಯ ಹೊಣೆ ಹೊತ್ತಿದ್ದ ಸಣ್ಣ ಮಂಡಲಿಯೊಂದು ಆ ವರ್ಷದ ಜೂನ್ ತಿಂಗಳಲ್ಲಿ ಜಪಾನಿನ ಕೋಬೆ ನಗರದಲ್ಲಿ ಸೇರಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪರಂಪರೆಗೆ ಸೇರಿದ ಬೇರೊಂದು ವಿಧಾನವನ್ನು ಮುಂದಿನ ಅಂತರಜಾಲಕ್ಕೆ ಆಧಾರವನ್ನಾಗಿ ಮಾಡಿಕೊಳ್ಳಬೇಕೆಂದು ನಿರ್ಧರಿಸಿತು. ಎಂಜಿನಿಯರುಗಳ ಸಮುದಾಯ ಇದನ್ನು ಕೇಳಿ ಸಿಡಿದೆದ್ದಿತು. ಅವರ ಆಕ್ಷೇಪ ಎರಡು ಬಗೆಯದು. ವಿಧಾನದ ಗುಣದೋಷ ಒಂದು. ತಮ್ಮನ್ನು ಕೇಳದೆ ಮೇಲಿನವರು ನಿರ್ಧರಿಸಿದುದು ಇನ್ನೊಂದು. ವಾದದ ಕಾವು ಎರಡನೆಯದರಿಂದಲೇ ಹೆಚ್ಚಾಯಿತೆನ್ನಬೇಕು.

ಜುಲೈ ತಿಂಗಳಲ್ಲಿ ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿ ನಡೆದ ಸಭೆಯಲ್ಲಿ ಮಂಡಲಿ ತನ್ನ ನಿರ್ಧಾರದಿಂದ ಹಿಂದೆಗೆಯಿತು. ಅದೇ ಸಭೆಯಲ್ಲಿ ಡೇವಿಡ್ ಕ್ಲಾರ್ಕ್ ಮಾಡಿದ ಉಪನ್ಯಾಸವು ಅರಸರು, ಅಧ್ಯಕ್ಷರು, ಮತದಾನ ಈ ಮೂರನ್ನೂ ನಿರಾಕರಿಸಿ, ಸ್ಥೂಲ ಒಮ್ಮತವನ್ನೂ ನಡೆದು ತೋರುವ ತಂತ್ರಾಂಶವನ್ನೂ ನಂಬುವುದಾಗಿ ಸಾರಿ ಪ್ರಸಿದ್ಧವಾಯಿತು. ಆದರೆ ಇತಿಹಾಸಕಾರನಿಗೆ ಆ ಘೋಷಣೆಗಿಂತ ಅದರ ನಂತರ ನಡೆದ ಕೆಲಸ ಮುಖ್ಯ. ಕ್ರಾಕರನ ನೇತೃತ್ವದಲ್ಲಿ ಒಂದು ಸಮಿತಿ ಕುಳಿತು ಕಾರ್ಯವಿಧಾನವನ್ನು ಪರಿಷ್ಕರಿಸಿತು. ಮಾನಕಗಳಿಗೆ ಅಂತಿಮ ಒಪ್ಪಿಗೆ ಕೊಡುವ ಅಧಿಕಾರ ಆ ಮಂಡಲಿಯಿಂದ ಕೈಬಿಟ್ಟು, ಕಾರ್ಯಗುಂಪುಗಳಿಗೆ ಹತ್ತಿರವಾದ ಇನ್ನೊಂದು ಸಮಿತಿಗೆ ಬಂದಿತು. ಪದಾಧಿಕಾರಿಗಳನ್ನು ಆರಿಸುವ ಸಮಿತಿಯನ್ನು, ಸಭೆಗಳಿಗೆ ಬಂದವರಲ್ಲಿ ಮುಂದಾದವರ ನಡುವೆ ಚೀಟಿಯೆತ್ತಿದಂತೆ ಆಯ್ಕೆಮಾಡುವ ಕ್ರಮ ಜಾರಿಗೆ ಬಂದಿತು. ಹೀಗೆ ಮುಕ್ತತೆಯ ಮೊದಲನೆಯ ಅರ್ಥ ಸ್ಥಿರವಾಯಿತು: ನಿರ್ಣಯ ನಡೆಯುವ ಮನೆಯ ಬಾಗಿಲು ತೆರೆದಿರಬೇಕು, ನಿರ್ಣಯಿಸುವವರು ನಿರ್ಣಯಕ್ಕೊಳಗಾಗುವವರಿಗೆ ಉತ್ತರ ಹೇಳತಕ್ಕವರಾಗಿರಬೇಕು.

೩. ವೆಬ್ ಒಕ್ಕೂಟದ ಉದಯ

ಟಿಮ್ ಬರ್ನರ್ಸ್-ಲೀ ತನ್ನ ಮೊದಲ ಯೋಜನೆಯನ್ನು ಜಿನೀವಾ ಬಳಿಯ ಸರ್ನ್ ಸಂಶೋಧನ ಸಂಸ್ಥೆಗೆ ಒಪ್ಪಿಸಿದ್ದು ೧೯೮೯ರ ಮಾರ್ಚ್ ತಿಂಗಳಲ್ಲಿ. ೧೯೯೩ರ ಏಪ್ರಿಲ್ ೩೦ರಂದು ಆ ಸಂಸ್ಥೆಯು ವೆಬ್ಬಿನ ಮೂಲ ತಂತ್ರಾಂಶವನ್ನು ಸಾರ್ವಜನಿಕರ ಸೊತ್ತೆಂದು ಘೋಷಿಸಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಈ ಘೋಷಣೆಯ ಮಹತ್ತ್ವವನ್ನು ತಿಳಿಯಲು ಗೋಫರ್ ಎಂಬ ಪ್ರತಿಸ್ಪರ್ಧಿಯ ಗತಿಯನ್ನು ನೋಡಬೇಕು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ ಅಂದು ವೆಬ್ಬಿಗಿಂತ ಹೆಚ್ಚು ಬಳಕೆಯಲ್ಲಿದ್ದ ಆ ವ್ಯವಸ್ಥೆಗೆ ಅದೇ ವರ್ಷ ಕೆಲವು ಬಳಕೆಗಳಿಗೆ ಶುಲ್ಕ ವಿಧಿಸುವುದಾಗಿ ಪ್ರಕಟಿಸಲಾಯಿತು. ಶುಲ್ಕದ ಮೊತ್ತಕ್ಕಿಂತ ಅದರ ಭೀತಿಯೇ ಬಳಕೆದಾರರನ್ನು ಬೇರೆ ಕಡೆ ತಿರುಗಿಸಿತು. ಹಕ್ಕನ್ನು ಬಿಟ್ಟವರ ಪದ್ಧತಿ ಉಳಿಯಿತು, ಹಿಡಿದವರ ಪದ್ಧತಿ ಸೊರಗಿತು. ಗೋಫರಿನ ಅವನತಿಗೆ ಇದೊಂದೇ ಕಾರಣವಲ್ಲವಾದರೂ, ಮುಂದಿನ ವಿವಾದಗಳಲ್ಲಿ ಈ ನಿದರ್ಶನ ಎಲ್ಲರ ಮನಸ್ಸಿನಲ್ಲಿಯೂ ಇದ್ದಿತೆಂದು ಊಹಿಸುವುದು ತಪ್ಪಾಗಲಾರದು.

೧೯೯೪ರ ಅಕ್ಟೋಬರಿನಲ್ಲಿ ಬರ್ನರ್ಸ್-ಲೀ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಎಂಬ ಒಕ್ಕೂಟವನ್ನು ಸ್ಥಾಪಿಸಿದನು. ೧೯೯೫ರಲ್ಲಿ ಫ್ರಾನ್ಸಿನ ಇನ್‌ರಿಯಾ ಸಂಸ್ಥೆಯೂ ೧೯೯೬ರಲ್ಲಿ ಜಪಾನಿನ ಕೇಯೋ ವಿಶ್ವವಿದ್ಯಾನಿಲಯವೂ ಅದಕ್ಕೆ ಆಶ್ರಯಸ್ಥಾನಗಳಾದುವು. ಪುಟಗಳ ಲಿಪಿಯೆನ್ನಬಹುದಾದ ಎಚ್.ಟಿ.ಎಂ.ಎಲ್.ನ ಎರಡನೆಯ ಆವೃತ್ತಿ ೧೯೯೫ರ ನವೆಂಬರಿನಲ್ಲಿ ಟಾಸ್ಕ್ ಫೋರ್ಸಿನ ಮೂಲಕವೇ ಪ್ರಕಟವಾಯಿತಾದರೂ, ಆ ವೇಳೆಗೆ ಮಾರುಕಟ್ಟೆಯ ವೇಗ ಬೇರೆಯಾಗಿತ್ತು. ಚರ್ಚೆ ಮುಗಿಯುವ ಮೊದಲೇ ಬ್ರೌಸರುಗಳು ಹೊಸ ಸಂಕೇತಗಳನ್ನು ಜನರ ಕೈಗೆ ಕೊಡುತ್ತಿದ್ದುವು. ಪುಟದಲ್ಲಿ ಚಿತ್ರವನ್ನಿಡುವ ಸಂಕೇತವೇ ಇದಕ್ಕೆ ಸಾಕ್ಷಿ. ಅದನ್ನು ಮಾರ್ಕ್ ಆಂಡ್ರೀಸನ್ ೧೯೯೩ರ ಫೆಬ್ರವರಿಯಲ್ಲಿ ಸೂಚಿಸಿದಾಗ ಇತರರು ಇನ್ನೂ ವ್ಯಾಪಕವಾದ ಉಪಾಯಗಳನ್ನು ಮುಂದಿಟ್ಟರು. ಆದರೆ ಅವನ ತಂಡದ ಮೊಸೇಯಿಕ್ ಬ್ರೌಸರಿನಲ್ಲಿ ಅದು ಅಷ್ಟರಲ್ಲಿಯೇ ಬಂದು ಬಳಕೆಯೇ ತೀರ್ಪನ್ನು ಕೊಟ್ಟಿತು.

೧೯೯೬ರಲ್ಲಿ ಟಾಸ್ಕ್ ಫೋರ್ಸಿನ ಗುಂಪು ಮುಚ್ಚಿ, ಎಚ್.ಟಿ.ಎಂ.ಎಲ್.ನ ಹೊಣೆ ಒಕ್ಕೂಟಕ್ಕೆ ಬಂದಿತು. ಇಲ್ಲಿ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ಟಾಸ್ಕ್ ಫೋರ್ಸಿನಲ್ಲಿ ವ್ಯಕ್ತಿಗಳು ಭಾಗಿಗಳು. ಒಕ್ಕೂಟದಲ್ಲಿ ವಾರ್ಷಿಕ ಶುಲ್ಕ ತೆರುವ ಸಂಸ್ಥೆಗಳು ಸದಸ್ಯರು. ಅಲ್ಲಿ ಒಮ್ಮತ ಮೂಡದಿದ್ದರೆ ಕೆಲಸ ನಿಲ್ಲುತ್ತದೆ. ಇಲ್ಲಿ ಒಮ್ಮತ ಮೂಡದೆಡೆ ನಿರ್ದೇಶಕನೆನಿಸಿದ ಬರ್ನರ್ಸ್-ಲೀ ತೀರ್ಪು ಕೊಡಬಹುದಾಗಿತ್ತು. ಒಕ್ಕೂಟವು ತನ್ನ ಕೃತಿಗಳನ್ನು ಮಾನಕಗಳೆನ್ನದೆ 'ಶಿಫಾರಸು'ಗಳೆಂದು ಕರೆದುದು ವಿನಯದ ಲಕ್ಷಣವೇ ಸರಿ. ಆದರೆ ಶಿಫಾರಸನ್ನು ಲೋಕವೆಲ್ಲ ಅನುಸರಿಸುವಂತಾದಾಗ ಆ ವಿನಯವೊಂದೇ ಸಾಲುವುದಿಲ್ಲ.

೪. ಪೇಟೆಂಟಿನ ವಿವಾದ

ಎರಡನೆಯ ವಿವಾದ ಹಣಕ್ಕೆ ಸಂಬಂಧಿಸಿದುದು. ಮಾನಕವೊಂದನ್ನು ಎಲ್ಲರೂ ಅನುಸರಿಸಿದ ಮೇಲೆ, ಅದರೊಳಗಿನ ಒಂದು ಉಪಾಯದ ಮೇಲೆ ತನಗೆ ಪೇಟೆಂಟು ಉಂಟೆಂದು ಒಬ್ಬನು ಎದ್ದು ನಿಂತರೆ ಏನು ಗತಿ? ಇದು ಬರಿಯ ಕಲ್ಪನೆಯಲ್ಲ. ಬಳಕೆದಾರರ ಖಾಸಗಿ ಮಾಹಿತಿಯನ್ನು ಕುರಿತ ಒಂದು ಮಾನಕದ ವಿಷಯದಲ್ಲಿ ೧೯೯೮-೯೯ರಲ್ಲಿಯೇ ಇಂಥ ಹಕ್ಕುಸಾಧನೆ ನಡೆದು, ಒಕ್ಕೂಟವು ವಕೀಲರಿಂದ ಅಭಿಪ್ರಾಯ ಬರೆಸಿ ಪ್ರಕಟಿಸಬೇಕಾಗಿ ಬಂದಿತು.

೨೦೦೧ರ ಆಗಸ್ಟಿನಲ್ಲಿ ಒಕ್ಕೂಟವು ಪೇಟೆಂಟು ನೀತಿಯ ಕರಡೊಂದನ್ನು ಹೊರಡಿಸಿತು. ಅದರಂತೆ ಕೆಲವು ಮಾನಕಗಳು ಸಂಪೂರ್ಣ ಉಚಿತವಾಗಿರಬಹುದು. ಇನ್ನು ಕೆಲವಕ್ಕೆ 'ಸಮಂಜಸವೂ ತಾರತಮ್ಯರಹಿತವೂ ಆದ' ರಾಯಧನವನ್ನು ಪೇಟೆಂಟುದಾರನು ಕೇಳಬಹುದು. ಬೇರೆ ಕೈಗಾರಿಕೆಗಳ ಮಾನಕ ಸಂಸ್ಥೆಗಳಲ್ಲಿ ಈ ಕ್ರಮ ವಾಡಿಕೆಯಾಗಿದ್ದುದರಿಂದ ಕರಡನ್ನು ಬರೆದವರಿಗೆ ಇದರಲ್ಲಿ ವಿಪರೀತವೇನೂ ಕಾಣಲಿಲ್ಲವೆಂದು ತೋರುತ್ತದೆ. ಸಂಶೋಧನೆಗೆ ಹಣ ತೊಡಗಿಸಿದ ಸಂಸ್ಥೆ ಪ್ರತಿಫಲವನ್ನು ಅಪೇಕ್ಷಿಸುವುದು ಅನ್ಯಾಯವಲ್ಲ. ಪ್ರತಿಫಲವಿಲ್ಲದಿದ್ದರೆ ಪೇಟೆಂಟುದಾರರು ಒಕ್ಕೂಟದಿಂದ ಹೊರಗೇ ಉಳಿದು ಇನ್ನೂ ಹೆಚ್ಚಿನ ಅಪಾಯವನ್ನು ಒಡ್ಡಬಹುದು ಎಂಬ ವಾದದಲ್ಲಿ ಸ್ವಲ್ಪ ಹುರುಳೂ ಉಂಟು.

ಅಭಿಪ್ರಾಯ ಸಲ್ಲಿಸುವ ಅವಧಿ ಸೆಪ್ಟೆಂಬರಿನ ಕೊನೆಗೆ ಮುಗಿಯಬೇಕಾಗಿತ್ತು. ಕೊನೆಯ ದಿನಗಳಲ್ಲಿ ಸುದ್ದಿ ಹರಡಿ ವಿರೋಧದ ಪತ್ರಗಳು ಪ್ರವಾಹದಂತೆ ಬಂದುವು. ಅವುಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಒಕ್ಕೂಟ ಅವಧಿಯನ್ನು ಅಕ್ಟೋಬರ್ ೧೧ರವರೆಗೆ ಬೆಳೆಸಿತು. ವಿರೋಧಿಗಳ ಮುಖ್ಯ ಯುಕ್ತಿ ಸರಳವಾದುದು. ಸ್ವತಂತ್ರ ತಂತ್ರಾಂಶವನ್ನು ಯಾರು ಬೇಕಾದರೂ ಪ್ರತಿ ಮಾಡಿ ಹಂಚಬಹುದು. ಎಷ್ಟು ಪ್ರತಿಗಳಾದುವೆಂದು ಎಣಿಸುವವರಿಲ್ಲ. ಪ್ರತಿಯೊಂದಕ್ಕೆ ಒಂದು ಕಾಸು ರಾಯಧನವಿಟ್ಟರೂ ಅದನ್ನು ತೆರಲು ಅಲ್ಲಿ ಯಾರೂ ಇಲ್ಲ. ಆದುದರಿಂದ ದೊಡ್ಡ ಕಂಪನಿಗೆ ಸಮಂಜಸವಾಗಿ ಕಾಣುವ ದರವೇ ಸ್ವತಂತ್ರ ಕರ್ತೃವಿಗೆ ಮುಚ್ಚಿದ ಬಾಗಿಲಾಗುತ್ತದೆ. ತಾರತಮ್ಯರಹಿತವೆಂಬ ಮಾತಿನ ಹಿಂದೆಯೇ ತಾರತಮ್ಯ ಅಡಗಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಕ್ಕೂಟವು ಈ ಆಕ್ಷೇಪವನ್ನು ತಳ್ಳಿಹಾಕಲಿಲ್ಲ. ಸ್ವತಂತ್ರ ತಂತ್ರಾಂಶದ ಪಕ್ಷವನ್ನು ಬಲ್ಲ ಎಬೆನ್ ಮೊಗ್ಲೆನ್ ಮತ್ತು ಬ್ರೂಸ್ ಪೆರೆನ್ಸ್ ಅವರನ್ನು ನೀತಿಯನ್ನು ರಚಿಸುವ ಗುಂಪಿಗೆ ಆಹ್ವಾನಿಸಿತು. ದೀರ್ಘ ಸಮಾಲೋಚನೆಯ ಬಳಿಕ ೨೦೦೪ರ ಫೆಬ್ರವರಿ ೫ರ ದಿನಾಂಕವುಳ್ಳ ನೀತಿ ಹೊರಬಂದಿತು. ಮಾನಕದ ರಚನೆಯಲ್ಲಿ ಭಾಗವಹಿಸುವವರು ಅದಕ್ಕೆ ಅನಿವಾರ್ಯವಾದ ತಮ್ಮ ಪೇಟೆಂಟುಗಳನ್ನು ರಾಯಧನವಿಲ್ಲದೆ ಬಿಟ್ಟುಕೊಡಬೇಕೆಂಬುದು ಅದರ ಸಾರ. ಈ ನಡುವೆ ೨೦೦೩ರ ಆಗಸ್ಟಿನಲ್ಲಿ ಇಯೋಲಾಸ್ ಎಂಬ ಸಣ್ಣ ಸಂಸ್ಥೆಯ ಪೇಟೆಂಟಿನ ಮೊಕದ್ದಮೆಯಲ್ಲಿ ಅಮೆರಿಕದ ಪಂಚರು ಮೈಕ್ರೊಸಾಫ್ಟ್ ಕಂಪನಿಯ ಮೇಲೆ ಸುಮಾರು ೫೨ ಕೋಟಿ ಡಾಲರುಗಳ ಪರಿಹಾರವನ್ನು ಹೊರಿಸಿದುದು ಭೀತಿ ನಿರಾಧಾರವಲ್ಲವೆಂದು ತೋರಿಸಿತು. ಒಕ್ಕೂಟವೇ ಆ ಪೇಟೆಂಟಿನ ಪುನಃಪರಿಶೀಲನೆಯನ್ನು ಕೋರಿತು. ೨೦೦೫ರಲ್ಲಿ ಪೇಟೆಂಟು ಕಚೇರಿ ಅದನ್ನು ಎತ್ತಿಹಿಡಿಯಿತು. ಕಡೆಗೆ ೨೦೧೨ರಲ್ಲಿ, ಬರ್ನರ್ಸ್-ಲೀ ಸ್ವತಃ ಸಾಕ್ಷ್ಯ ನುಡಿದ ಬೇರೊಂದು ಮೊಕದ್ದಮೆಯಲ್ಲಿ, ಟೆಕ್ಸಾಸಿನ ಪಂಚರು ಅದರ ಹಕ್ಕುಗಳನ್ನು ಅಸಿಂಧುವೆಂದರು. ಹೊರಗಿನವರ ಪೇಟೆಂಟಿಗೆ ಒಕ್ಕೂಟದ ನೀತಿ ಕಡಿವಾಣ ಹಾಕಲಾರದು ಎಂಬ ಮಿತಿಯೂ ಈ ಪ್ರಕರಣದಿಂದ ತಿಳಿಯುತ್ತದೆ.

ಹೀಗೆ ಮುಕ್ತತೆಗೆ ಎರಡನೆಯ ಅರ್ಥ ಸೇರಿತು: ರಚಿಸುವಾಗ ಬಾಗಿಲು ತೆರೆದಿದ್ದರೆ ಸಾಲದು, ರಚಿಸಿದುದನ್ನು ಬಳಸುವಾಗಲೂ ಸುಂಕದ ಕಟ್ಟೆ ಇರಬಾರದು.

೫. ಎಚ್.ಟಿ.ಎಂ.ಎಲ್. ಕವಲೊಡೆದುದು

ಮೂರನೆಯ ವಿವಾದದಲ್ಲಿ ಮಂಡಲಿಯೇ ಇಬ್ಭಾಗವಾಯಿತು. ೧೯೯೯ರ ಡಿಸೆಂಬರಿನಲ್ಲಿ ಎಚ್.ಟಿ.ಎಂ.ಎಲ್. ೪.೦೧ ಪ್ರಕಟವಾದ ಮೇಲೆ ಒಕ್ಕೂಟದ ಗಮನ ಎಕ್ಸ್.ಎಚ್.ಟಿ.ಎಂ.ಎಲ್. ಎಂಬ ಕಟ್ಟುನಿಟ್ಟಿನ ರೂಪದ ಕಡೆಗೆ ಹರಿಯಿತು. ಆ ವ್ಯಾಕರಣದ ಪ್ರಕಾರ ಪುಟದಲ್ಲಿ ಒಂದು ತಪ್ಪಿದ್ದರೂ ಬ್ರೌಸರು ಅಲ್ಲಿಯೇ ನಿಲ್ಲಬೇಕು. ಅದರ ಎರಡನೆಯ ಆವೃತ್ತಿಯಂತೂ ಹಳೆಯ ಪುಟಗಳೊಡನೆ ಹೊಂದುವ ಗೋಜಿಗೇ ಹೋಗಲಿಲ್ಲ. ವ್ಯಾಕರಣ ಶುದ್ಧವಾಯಿತು, ಆದರೆ ಲೋಕದಲ್ಲಿದ್ದ ಪುಟಗಳಲ್ಲಿ ಬಹುಪಾಲು ಅಶುದ್ಧವಾಗಿಯೇ ಉಳಿದುವು.

೨೦೦೪ರ ಜೂನ್ ಮೊದಲಲ್ಲಿ ಸ್ಯಾನ್ ಹೋಸೆಯಲ್ಲಿ ನಡೆದ ಕಾರ್ಯಗೋಷ್ಠಿಯಲ್ಲಿ ಮೊಜಿಲ್ಲ ಮತ್ತು ಒಪೆರಾ ಎಂಬ ಬ್ರೌಸರ್ ಸಂಸ್ಥೆಗಳು ಇರುವ ಎಚ್.ಟಿ.ಎಂ.ಎಲ್. ಅನ್ನೇ ಬೆಳೆಸಬೇಕೆಂದು ಸೂಚಿಸಿದುವು. ಸಭೆಯ ಬಹುಮತ ಅದಕ್ಕೆ ಒಪ್ಪಲಿಲ್ಲ. ಒಡನೆಯೇ, ಜೂನ್ ೪ರಂದು, ಆ ಎರಡು ಸಂಸ್ಥೆಗಳೂ ಆ್ಯಪಲ್ ಕಂಪನಿಯೂ ಕೂಡಿದ ಒಂದು ಪ್ರತ್ಯೇಕ ಗುಂಪು ವಾಟ್-ಡಬ್ಲ್ಯುಜಿ ಎಂಬ ಹೆಸರಿನಿಂದ ಪ್ರಕಟವಾಯಿತು. ಇಯಾನ್ ಹಿಕ್ಸನ್ ಅದರ ಸಂಪಾದಕನಾದನು.

ಈ ಎರಡು ಮಂಡಲಿಗಳಲ್ಲಿ ಯಾವುದು ಹೆಚ್ಚು ಮುಕ್ತ? ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಿಲ್ಲ. ಒಕ್ಕೂಟದ ಸದಸ್ಯತ್ವಕ್ಕೆ ಶುಲ್ಕವುಂಟು. ಆದರೆ ಅಲ್ಲಿ ಆಕ್ಷೇಪವನ್ನು ದಾಖಲಿಸುವ, ಮೇಲ್ಮನವಿ ಸಲ್ಲಿಸುವ ಲಿಖಿತ ಕ್ರಮವಿದೆ. ಹೊಸ ಗುಂಪಿನಲ್ಲಿ ಯಾರು ಬೇಕಾದರೂ ಬಂದು ವಾದಿಸಬಹುದು. ಆದರೆ ಕಡೆಯ ಮಾತು ಸಂಪಾದಕನೊಬ್ಬನದು, ಅವನನ್ನು ಬದಲಿಸುವ ಅಧಿಕಾರ ಆಹ್ವಾನಿತರಾದ ಕೆಲವರದು. ಒಂದೆಡೆ ಅಂಗಳ ಕಿರಿದು, ಪಂಚಾಯಿತಿ ಉಂಟು; ಇನ್ನೊಂದೆಡೆ ಅಂಗಳ ಹಿರಿದು, ಪಟೇಲನೊಬ್ಬನೇ. ೨೦೧೧ರಲ್ಲಿ ಕಾಲವನ್ನು ಸೂಚಿಸುವ ಒಂದು ಸಂಕೇತವನ್ನು ಹಿಕ್ಸನ್ ತೆಗೆದುಹಾಕಿದಾಗ ಎದ್ದ ಪ್ರತಿಭಟನೆ, ಬಳಿಕ ಅದು ಮರಳಿ ಬಂದುದು, ಈ ಏರ್ಪಾಡಿನ ಬಲ ದೌರ್ಬಲ್ಯಗಳೆರಡನ್ನೂ ತೋರಿಸುತ್ತದೆ.

ಆದರೂ ಫಲ ಹೊಸ ಗುಂಪಿನ ಕಡೆಗೇ ವಾಲಿತು. ಜಗತ್ತನ್ನು ಒಮ್ಮೆಗೇ ಹೊಸ ವ್ಯಾಕರಣಕ್ಕೆ ತಿರುಗಿಸುವ ಯತ್ನ ಕೈಗೂಡಲಿಲ್ಲವೆಂದು ಬರ್ನರ್ಸ್-ಲೀ ೨೦೦೬ರ ಅಕ್ಟೋಬರಿನಲ್ಲಿ ಒಪ್ಪಿಕೊಂಡನು. ೨೦೦೭ರ ಮಾರ್ಚ್ ತಿಂಗಳಲ್ಲಿ ಒಕ್ಕೂಟ ಎಚ್.ಟಿ.ಎಂ.ಎಲ್. ಕಾರ್ಯವನ್ನು ಮತ್ತೆ ಕೈಗೆತ್ತಿಕೊಂಡಿತು, ಎಕ್ಸ್.ಎಚ್.ಟಿ.ಎಂ.ಎಲ್. ೨ರ ಕೆಲಸ ೨೦೦೯ರೊಂದಿಗೆ ನಿಂತಿತು. ಎಚ್.ಟಿ.ಎಂ.ಎಲ್. ೫ ಶಿಫಾರಸಾಗಿ ಬಂದುದು ೨೦೧೪ರ ಅಕ್ಟೋಬರ್ ೨೮ರಂದು. ಮುಗಿದ ಗ್ರಂಥವಾಗಿ ಪ್ರಕಟಿಸಬೇಕೆಂದು ಒಕ್ಕೂಟವೂ, ಸದಾ ತಿದ್ದುತ್ತಿರುವ 'ಜೀವಂತ ಮಾನಕ'ವಾಗಿರಬೇಕೆಂದು ಹೊಸ ಗುಂಪೂ ವಾದಿಸಿ ಎರಡು ಪಾಠಗಳು ಕೆಲವು ವರ್ಷ ಬೇರೆಬೇರೆಯಾಗಿ ನಡೆದುವು. ೨೦೧೭ರ ಡಿಸೆಂಬರಿನಲ್ಲಿ ಹೊಸ ಗುಂಪು ಆ್ಯಪಲ್, ಗೂಗಲ್, ಮೈಕ್ರೊಸಾಫ್ಟ್, ಮೊಜಿಲ್ಲ ಈ ನಾಲ್ಕರ ಆಡಳಿತ ಸಮಿತಿಯನ್ನೂ ಪೇಟೆಂಟು ನಿಯಮಗಳನ್ನೂ ಪಡೆಯಿತು. ೨೦೧೯ರ ಮೇ ೨೮ರ ಒಡಂಬಡಿಕೆಯಂತೆ ಎಚ್.ಟಿ.ಎಂ.ಎಲ್.ನ ಮೂಲಪಾಠ ಅಲ್ಲಿಯೇ ಬೆಳೆಯತಕ್ಕದ್ದೆಂದು ಒಕ್ಕೂಟ ಒಪ್ಪಿತು.

ಇದರಿಂದ ಹೊರಡುವ ಮೂರನೆಯ ಅರ್ಥ ಸ್ವಲ್ಪ ಕಠಿನವಾದುದು: ಮಾನಕವನ್ನು ಕಾರ್ಯರೂಪಕ್ಕೆ ತರುವವರು ಒಪ್ಪದಿದ್ದರೆ, ಎಷ್ಟು ಕ್ರಮಬದ್ಧವಾಗಿ ರಚಿತವಾದರೂ ಅದು ಕಾಗದದ ಮೇಲಿನ ಬರಹ ಮಾತ್ರ. ಇದು ಸತ್ಯವೇ. ಆದರೆ ಕಾರ್ಯರೂಪಕ್ಕೆ ತರುವವರ ಸಂಖ್ಯೆಯೇ ಕುಗ್ಗುತ್ತ ಬಂದರೆ? ೨೦೧೩ರಲ್ಲಿ ಒಪೆರಾ ತನ್ನ ಸ್ವಂತ ಯಂತ್ರಾಂಗವನ್ನು ಕೈಬಿಟ್ಟಿತು. ೨೦೧೮ರ ಡಿಸೆಂಬರಿನಲ್ಲಿ ಮೈಕ್ರೊಸಾಫ್ಟ್ ಅದೇ ದಾರಿ ಹಿಡಿಯುವುದಾಗಿ ಪ್ರಕಟಿಸಿತು. ವ್ಯಾಪಕ ಬಳಕೆಯಲ್ಲಿ ಉಳಿದ ಮುಖ್ಯ ಯಂತ್ರಾಂಗಗಳು ಗೂಗಲ್, ಆ್ಯಪಲ್, ಮೊಜಿಲ್ಲಗಳವು ಮೂರೇ. 'ನಡೆದು ತೋರುವ ತಂತ್ರಾಂಶ'ವೆಂಬ ೧೯೯೨ರ ಘೋಷಣೆ ಅಂದು ಸಾಮಾನ್ಯ ಎಂಜಿನಿಯರನ ಪಕ್ಷದ ಮಾತಾಗಿತ್ತು. ಇಂದು ಅದೇ ಮಾತು ದೊಡ್ಡ ಕಂಪನಿಗಳ ಕೈಯಲ್ಲಿ ನಿಷೇಧಾಧಿಕಾರವಾಗಬಲ್ಲುದು.

೬. ಬೀಗದ ವಿವಾದ

ನಾಲ್ಕನೆಯ ವಿವಾದ ಎಲ್ಲಕ್ಕಿಂತ ಕಹಿಯಾದುದು. ೨೦೧೨ರ ಫೆಬ್ರವರಿಯಲ್ಲಿ ಗೂಗಲ್, ಮೈಕ್ರೊಸಾಫ್ಟ್, ನೆಟ್‌ಫ್ಲಿಕ್ಸ್ ಸಂಸ್ಥೆಗಳ ನೌಕರರು ಎನ್‌ಕ್ರಿಪ್ಟೆಡ್ ಮೀಡಿಯಾ ಎಕ್ಸ್‌ಟೆನ್ಷನ್ಸ್ ಎಂಬ ಪ್ರಸ್ತಾವವನ್ನು ಒಕ್ಕೂಟದ ಮುಂದಿಟ್ಟರು. ಚಲನಚಿತ್ರಗಳನ್ನು ಗೂಢಲಿಪಿಯಲ್ಲಿ ಕಳುಹಿಸಿ, ಬ್ರೌಸರಿನೊಳಗಿನ ಒಂದು ಮುಚ್ಚಿದ ಘಟಕದಿಂದ ಬಿಡಿಸಿ ತೋರಿಸುವುದು ಇದರ ಉದ್ದೇಶ. ಮಾನಕವು ಬೀಗವನ್ನು ವರ್ಣಿಸುವುದಿಲ್ಲ. ಪುಟವು ಬೀಗದೊಡನೆ ಮಾತನಾಡುವ ರೀತಿಯನ್ನು ಮಾತ್ರ ವರ್ಣಿಸುತ್ತದೆ. ಬೀಗದ ಒಳಗೆ ಏನಿದೆಯೆಂಬುದು ಅದರ ಒಡೆಯನಿಗೆ ಮಾತ್ರ ಗೊತ್ತು. ಮುಕ್ತತೆಯನ್ನೇ ತನ್ನ ಅಧಿಕಾರದ ಆಧಾರವೆಂದು ಸಾರಿದ ಮಂಡಲಿ ಮುಚ್ಚಿದ ಪೆಟ್ಟಿಗೆಗೆ ಬಾಗಿಲನ್ನು ಕೊರೆದುಕೊಡಬಹುದೆ ಎಂಬುದು ಪ್ರಶ್ನೆ.

ಬೆಂಬಲಿಗರು ಹೇಳಿದುದು ಇಷ್ಟು: ಚಿತ್ರಗಳ ಒಡೆಯರು ಬೀಗವಿಲ್ಲದೆ ಚಿತ್ರಗಳನ್ನು ಕೊಡುವುದಿಲ್ಲ, ಮಾನಕವಿಲ್ಲದಿದ್ದರೆ ಅವರು ಹೊರಗಿನ ಜೋಡಣೆಗಳನ್ನು ಬಳಸುತ್ತಾರೆ, ಇಲ್ಲವೆ ವೆಬ್ಬನ್ನೇ ತೊರೆದು ತಮ್ಮ ಪ್ರತ್ಯೇಕ ತಂತ್ರಾಂಶಗಳಿಗೆ ಹೋಗುತ್ತಾರೆ. ವಿರೋಧಿಗಳ ಮುಂದಾಳಾದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ೨೦೧೩ರಲ್ಲಿ ಒಕ್ಕೂಟದ ಸದಸ್ಯನಾಗಿ ಒಳಗಿನಿಂದಲೇ ಆಕ್ಷೇಪವನ್ನೆತ್ತಿತು. ಅಮೆರಿಕದ ೧೯೯೮ರ ಕೃತಿಸ್ವಾಮ್ಯ ಕಾಯಿದೆಯಂತೆ ಬೀಗವನ್ನು ಮುರಿಯುವುದು, ಉದ್ದೇಶ ನ್ಯಾಯವಾದುದಾಗಿದ್ದರೂ, ಅಪರಾಧವಾಗಬಹುದು. ಭದ್ರತೆಯ ದೋಷಗಳನ್ನು ಶೋಧಿಸುವ ಸಂಶೋಧಕನೂ, ಕುರುಡರಿಗೆ ನೆರವಾಗುವ ಉಪಕರಣವನ್ನು ರಚಿಸುವವನೂ ಮೊಕದ್ದಮೆಗೆ ಗುರಿಯಾಗಬಹುದು ಎಂಬುದು ಅದರ ವಾದ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಸೇರಿದ ೬೫ಎ ಪ್ರಕರಣವು ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ ಬೀಗ ಮುರಿಯುವುದನ್ನು ಅಪರಾಧವೆನ್ನುವುದನ್ನು ಇಲ್ಲಿ ಹೋಲಿಸಿ ನೋಡಬಹುದು.

ಫೌಂಡೇಷನ್ ಒಂದು ಸಂಧಾನವನ್ನೂ ಸೂಚಿಸಿತು. ಪೇಟೆಂಟು ನೀತಿಯ ಮಾದರಿಯಲ್ಲಿಯೇ, ಕೃತಿಸ್ವಾಮ್ಯದ ಉಲ್ಲಂಘನೆಯಿಲ್ಲದ ಕಾರ್ಯಗಳಿಗಾಗಿ ಯಾರ ಮೇಲೂ ಈ ಕಾಯಿದೆಯಡಿ ಮೊಕದ್ದಮೆ ಹೂಡುವುದಿಲ್ಲವೆಂದು ಸದಸ್ಯರು ವಾಗ್ದಾನ ಮಾಡಲಿ. ಮಾನಕ ಮುಂದುವರಿಯಲಿ ಎಂದಿತು. ಒಮ್ಮತ ಮೂಡಲಿಲ್ಲ. ಒಕ್ಕೂಟ ಒಪ್ಪದಿದ್ದರೂ ಬ್ರೌಸರುಗಳು ಈ ಬೀಗವನ್ನು ಅಳವಡಿಸಿಯೇ ತೀರುವುವೆಂಬುದು ಬರ್ನರ್ಸ್-ಲೀಯ ಮುಖ್ಯ ಸಮಾಧಾನ. ೨೦೧೭ರ ಜುಲೈ ೬ರಂದು, ಆ ವಾಗ್ದಾನವಿಲ್ಲದೆಯೇ ಮಾನಕ ಮುಂದುವರಿಯತಕ್ಕದ್ದೆಂಬ ನಿರ್ಧಾರ ಹೊರಬಂದಿತು. ಒಕ್ಕೂಟದ ಇತಿಹಾಸದಲ್ಲಿ ಮೊದಲ ಬಾರಿಗೆ ಮೇಲ್ಮನವಿ ಸಲ್ಲಿಕೆಯಾಗಿ ಸದಸ್ಯರ ಮತ ತೆಗೆದುಕೊಳ್ಳಲಾಯಿತು. ಪರವಾಗಿ ೧೦೮, ವಿರುದ್ಧವಾಗಿ ೫೭, ತಟಸ್ಥವಾಗಿ ೨೦ ಮತಗಳು ಬಂದುವು. ಸೆಪ್ಟೆಂಬರ್ ೧೮ರಂದು ಶಿಫಾರಸು ಪ್ರಕಟವಾಯಿತು. ಅದೇ ದಿನ ಫೌಂಡೇಷನ್ ಒಕ್ಕೂಟಕ್ಕೆ ರಾಜೀನಾಮೆ ಕೊಟ್ಟಿತು.

ಈ ಅಂಕೆಗಳನ್ನು ಹೇಗೆ ಓದಬೇಕು? ಬಹುಮತವಿದ್ದಿತೆಂಬುದು ನಿರ್ವಿವಾದ. ಆದರೆ ಒಮ್ಮತವನ್ನೇ ತನ್ನ ಧರ್ಮವೆಂದು ನಂಬಿದ ಮಂಡಲಿಯಲ್ಲಿ, ಮತ ಕೊಟ್ಟವರಲ್ಲಿ ಹತ್ತಕ್ಕೆ ಮೂವರು ವಿರೋಧಿಸಿದ ನಿರ್ಣಯ ಬಲವಾದ ನಿರ್ಣಯವೆನಿಸಲಾರದು. ೨೦೦೧ರ ವಿವಾದವನ್ನು ಇದರೊಡನೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಂದು ಆಕ್ಷೇಪಿಸಿದವರು ಹೊರಗಿನವರು, ಅವರಿಗೆ ಒಂದು ಮತವೂ ಇರಲಿಲ್ಲ. ಆದರೂ ಅವರ ಯುಕ್ತಿ ನೀತಿಯನ್ನು ಬದಲಿಸಿತು. ೨೦೧೭ರಲ್ಲಿ ಆಕ್ಷೇಪಿಸಿದವರು ಒಳಗಿನವರು, ಮತವುಳ್ಳವರು. ಕಾರ್ಯವಿಧಾನದ ಪ್ರತಿಯೊಂದು ಮೆಟ್ಟಿಲನ್ನೂ ಏರಿದವರು. ಆದರೂ ಅವರ ಸಂಧಾನಕ್ಕೆ ಸ್ಥಾನ ದೊರೆಯಲಿಲ್ಲ. ಬಾಗಿಲು ತೆರೆದಿರುವುದು ಬೇರೆ, ಮಾತು ಫಲಿಸುವುದು ಬೇರೆ ಎಂಬುದನ್ನು ಇದು ಚೆನ್ನಾಗಿ ತೋರಿಸುತ್ತದೆ.

೭. ಗೈರುಹಾಜರಾದ ಬಳಕೆದಾರ

ನಾಲ್ಕು ವಿವಾದಗಳಲ್ಲಿಯೂ ಎರಡು ಪಕ್ಷಗಳೂ ಬಳಕೆದಾರನ ಹೆಸರನ್ನು ಹೇಳಿದುವು. ಯಾವ ಸಭೆಯಲ್ಲಿಯೂ ಬಳಕೆದಾರನು ಬಳಕೆದಾರನಾಗಿ ಕುಳಿತಿರಲಿಲ್ಲ. ೨೦೦೭ರಲ್ಲಿ ಪ್ರಕಟವಾದ ಎಚ್.ಟಿ.ಎಂ.ಎಲ್. ರಚನಾತತ್ತ್ವಗಳು ಹಿತಗಳು ಘರ್ಷಿಸಿದಾಗ ಮೊ ದಲು ಬಳಕೆದಾರ, ಬಳಿಕ ಪುಟದ ಕರ್ತೃ, ಆಮೇಲೆ ಬ್ರೌಸರಿನ ತಯಾರಕ, ಅನಂತರ ಮಾನಕದ ಲೇಖಕ, ಕಡೆಗೆ ಶಾಸ್ತ್ರಶುದ್ಧಿ ಎಂಬ ಕ್ರಮವನ್ನು ವಿಧಿಸುತ್ತವೆ. ೨೦೨೦ರಲ್ಲಿ ಅಂತರಜಾಲದ ಮಂಡಲಿಯೂ ಇದೇ ಅರ್ಥದ ಲೇಖವನ್ನು ಹೊರಡಿಸಿತು. ತತ್ತ್ವ ಉದಾತ್ತವಾದುದು. ಆದರೆ ಸಭೆಯಲ್ಲಿ ಕುಳಿತವರ ಬಲ ಬಹುಮಟ್ಟಿಗೆ ಇದೇ ಕ್ರಮದ ವಿಲೋಮವಾಗಿದೆ.

ಇದು ದೂರದ ದೇಶದ ವ್ಯವಹಾರವೆಂದು ನಾವು ಉದಾಸೀನರಾಗಿರುವಂತಿಲ್ಲ. ವೆಬ್ಬಿನ ಪುಟಗಳು ೧೯೯೭ರಿಂದ ಯೂನಿಕೋಡಿನ ಅಕ್ಷರಕೋಶವನ್ನು ಆಧಾರವಾಗಿ ಸ್ವೀಕರಿಸಿವೆ. ಆ ಕೋಶದ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಭಾರತದ ೧೯೮೮ರ ಇಸ್ಕಿ ಸಂಕೇತಕ್ರಮ ಅದಕ್ಕೆ ತಳಹದಿ. ಆದರೆ ಹಳಗನ್ನಡ ಶಾಸನಗಳನ್ನು ಓದುವವರಿಗೆ ಚಿರಪರಿಚಿತವಾದ ೞ ಕಾರಕ್ಕೆ ಆ ಕೋಶದಲ್ಲಿ 'ಫ' ಎಂಬ ಧ್ವನಿಯ ಹೆಸರು ತಪ್ಪಾಗಿ ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಲಾಗದೆಂಬುದು ಆ ಮಾನಕದ ನಿಯಮ; ತಪ್ಪನ್ನು ಒಪ್ಪಿ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಲಾಗಿದೆಯಷ್ಟೆ. ಅಕ್ಷರದ ಬಳಕೆಗೆ ಇದರಿಂದ ತೊಡಕಿಲ್ಲ. ಆದರೂ ಬಲ್ಲವರ ಕಣ್ಣು ತಕ್ಕ ಸಮಯಕ್ಕೆ ಬೀಳದೆ ಹೋದ ಸಣ್ಣ ತಪ್ಪು ಶಾಶ್ವತವಾಗುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕನ್ನಡಿಗರಿಗೆ ಬೇಕಾಗಿಲ್ಲ. ಕಲ್ಲಿನ ಶಾಸನದಲ್ಲಿ ಬಿದ್ದ ತಪ್ಪಕ್ಷರದಂತೆಯೇ ಇದೂ ಉಳಿಯುತ್ತದೆ.

ಒಕ್ಕೂಟದ ರಚನೆಯೂ ಈಚೆಗೆ ಬದಲಾಗಿದೆ. ೨೦೨೩ರ ಜನವರಿಯಲ್ಲಿ ಅದು ಲಾಭೋದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಯಿತು. ಅದೇ ವರ್ಷ ಜೂನಿನಲ್ಲಿ ಜಾರಿಗೆ ಬಂದ ಕಾರ್ಯವಿಧಾನದಂತೆ ಆಕ್ಷೇಪಗಳನ್ನು ತೀರ್ಮಾನಿಸುವ ಅಧಿಕಾರ ನಿರ್ದೇಶಕನೊಬ್ಬನಿಂದ ಒಂದು ಪರಿಷತ್ತಿಗೆ ವರ್ಗವಾಯಿತು. ಒಬ್ಬ ಸಂಸ್ಥಾಪಕನ ವೈಯಕ್ತಿಕ ಗೌರವದ ಮೇಲೆ ನಿಂತಿದ್ದ ಅಧಿಕಾರ ಬರಹದ ನಿಯಮದ ಮೇಲೆ ನಿಲ್ಲುವಂತಾದುದು ಸಂಸ್ಥೆಗಳ ಇತಿಹಾಸದಲ್ಲಿ ಸಹಜವಾದ ಬೆಳವಣಿಗೆ. ನಿಯಮವು ಗೌರವದಷ್ಟೇ ವಿಧೇಯತೆಯನ್ನು ಪಡೆಯಬಲ್ಲುದೆ ಎಂಬುದನ್ನು ಮುಂದಿನ ವಿವಾದಗಳು ತೋರಿಸಬೇಕು.

ಮೇಲಿನ ವಿವೇಚನೆಯಿಂದ ನಾವು ಮುಟ್ಟುವ ನಿರ್ಣಯವಿದು. ಮುಕ್ತತೆ ಒಂದೇ ಗುಣವಲ್ಲ. ರಚನೆಯಲ್ಲಿ ಪ್ರವೇಶ, ಬಳಕೆಯಲ್ಲಿ ಸುಂಕವಿಲ್ಲದಿರುವಿಕೆ, ತಯಾರಕರ ಸಮ್ಮತಿ, ಆಕ್ಷೇಪಕ್ಕೆ ಸಮಾಧಾನ, ಇವು ನಾಲ್ಕೂ ಬೇರೆಬೇರೆ. ಒಂದನ್ನು ಪಡೆದ ಮಂಡಲಿ ಉಳಿದವನ್ನೂ ಪಡೆದಿದೆಯೆಂದು ಭಾವಿಸಬಾರದು. ಒಂದು ಇನ್ನೊಂದನ್ನು ಹಿಂದಕ್ಕೆ ತಳ್ಳುವುದೂ ಉಂಟು. ಮಾನ್ಯತೆಯೆಂಬುದು ಒಮ್ಮೆ ಸಂಪಾದಿಸಿ ಪೆಟ್ಟಿಗೆಯಲ್ಲಿಟ್ಟ ಸೊತ್ತೂ ಅಲ್ಲ. ಸೋತವನು ಸೋಲಿನ ಕಾರಣವನ್ನು ಕೇಳಿ ತಿಳಿದು, ಮುಂದಿನ ಸಭೆಗೂ ಬರುವಷ್ಟು ನಂಬಿಕೆ ಉಳಿದಿದ್ದರೆ ಮಂಡಲಿಗೆ ಮಾನ್ಯತೆ ಉಳಿದಿದೆಯೆಂದರ್ಥ. ೧೯೯೨ರಲ್ಲಿ ಹಿಂದೆಗೆದ ಮಂಡಲಿ ಆ ನಂಬಿಕೆಯನ್ನು ಉಳಿಸಿಕೊಂಡಿತು. ೨೦೧೭ರಲ್ಲಿ ಗೆದ್ದ ಒಕ್ಕೂಟ ತನ್ನ ಒಬ್ಬ ಸದಸ್ಯನನ್ನು ಕಳೆದುಕೊಂಡಿತು.